ಕಡೆ ಪಟ್ಟಿಯ ಕೌಜುಗಗಳು

ಕಾವಲಿನ ಗೇಟಿನ ಬೀಗ ತುಕ್ಕು ಹಿಡಿದು ಕೂತಿತ್ತು. ಗಾರ್ಡ್ ಕೀಲಿ ತಿರುಗಿಸಿ ತಿರುಗಿಸಿ ಬೆರಳು ಕೆಂಪಗೆ ಮಾಡಿಕೊಂಡ. ಕೊನೆಗೆ ನಾನೇ ಒಂದು ಕಲ್ಲು ಎತ್ತಿಕೊಂಡು ಕುಟ್ಟಿದೆ. ನನಗೆ ತಾಳ್ಮೆ ಕಡಿಮೆ, ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೂ ಹೇಳುತ್ತಾರೆ. ಹುಲ್ಲು ಕೊಯ್ಯಲು ಬಂದ ಹೆಂಗಸರು ಕುಡುಗೋಲು ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದರು, ಅವರ ಹಿಂದೆ ಬಂಡಿಗಳು. ಬೀಗ ಮುರಿದು ಬಿದ್ದಾಗ ಅವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಎಪ್ಪತ್ತರ ದಶಕದ ಒಂದು ಬರಗಾಲದ ಮಾತಿದು. ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಿನ ಇಳಿಜಾರಿನಲ್ಲಿ ಇಲಾಖೆಯವರು ಕಾದಿರಿಸಿದ್ದ ಹುಲ್ಲುಗಾವಲೊಂದಿತ್ತು. ನಾವು ಅದನ್ನು ಬರಿದೇ ಕಾವಲು ಎನ್ನುತ್ತಿದ್ದೆವು. ನಾನು ಅಲ್ಲಿಯ ಫಾರೆಸ್ಟರ್. ಸುತ್ತ ಕಂದಕ, ಕಂದಕದ ಏರಿಯ ಮೇಲೆ ಕತ್ತಾಳೆ. ಒಳಗೆ ದನ ಮೇಯಿಸುವಂತಿಲ್ಲ. ಪ್ರತಿ ವರ್ಷ ಒಂದು ಭಾಗವನ್ನು ಮಾತ್ರ ಕೊಯ್ಲಿಗೆ ಬಿಟ್ಟು ಉಳಿದದ್ದನ್ನು ಮುಟ್ಟದೆ ಬಿಡುವುದು ರೂಢಿ. ಹಾಗಾಗಿ ಸುತ್ತಲಿನ ಹೊಲಗಳಲ್ಲಿ ಅಪರೂಪವಾಗಿದ್ದ ಕೌಜುಗ ಮತ್ತು ಬುರ್ಲಿ ಇಲ್ಲಿ ತುಂಬಿಕೊಂಡಿದ್ದವು. ಕೌಜುಗ ಮಣ್ಣಿನ ಬಣ್ಣದ ಹಕ್ಕಿ, ಹ್ಯಾಟೆ ಕೋಳಿಗಿಂತ ಸಣ್ಣದು, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಬುರ್ಲಿ ಇನ್ನೂ ಚಿಕ್ಕದು, ಮುಷ್ಟಿಯಲ್ಲಿ ಹಿಡಿಯುವಷ್ಟು.

ಆಗ ಇವುಗಳ ಬೇಟೆಗೆ ಪರವಾನಗಿ ಇನ್ನೂ ಸಿಗುತ್ತಿತ್ತು. ಚಳಿಗಾಲದಲ್ಲಿ ಹೊಸಪೇಟೆ ಕಡೆಯಿಂದ ಶಿಕಾರಿ ಮಂದಿ ಜೀಪಿನಲ್ಲಿ ಬರುತ್ತಿದ್ದರು. ಅವರ ಕಾಗದ ನೋಡಿ ಒಳಗೆ ಬಿಡುವುದು ನನ್ನ ಕೆಲಸ. ನಾನೋ ಹಡಗಲಿಯ ಲಿಂಗವಂತರ ಮನೆಯಲ್ಲಿ ಹುಟ್ಟಿದವನು, ಮೊಟ್ಟೆಯನ್ನೂ ಮುಟ್ಟದವನು. ಹಕ್ಕಿ ತಿನ್ನದವನನ್ನೇ ಹುಡುಕಿ ಹಕ್ಕಿ ಕಾಯಲು ಇಟ್ಟಿದ್ದಾರೆ ಎಂದು ಗಾರ್ಡ್ ಆಗಾಗ ಕಾಲೆಳೆಯುತ್ತಿದ್ದ.

ಶಿಕಾರಿಯವರಿಗೆ ಒಳಗೆ ದಾರಿ ತೋರುವವನು ಒಬ್ಬನಿದ್ದ. ಕಾವಲಿನ ಪಕ್ಕದ ಹಟ್ಟಿಯವನು. ಎಲ್ಲರೂ ಅವನನ್ನು ಕೌಜುಗದವ ಎಂದೇ ಕರೆಯುತ್ತಿದ್ದರು. ಒಂದು ಗಂಡು ಕೌಜುಗವನ್ನು ಪಂಜರದಲ್ಲಿ ಸಾಕಿಕೊಂಡು ಹೆಗಲಿಗೆ ನೇತುಹಾಕಿಕೊಂಡು ತಿರುಗುತ್ತಿದ್ದ. ಅದು ಕೂಗಿದರೆ ಕಾಡಿನ ಕೌಜುಗ ಜಗಳಕ್ಕೆ ಬರುತ್ತದೆ, ಬಂದದ್ದು ಬಲೆಗೆ ಬೀಳುತ್ತದೆ. ಬಲೆ ಹಾಕಲು ಅವನಿಗೆ ಪರವಾನಗಿ ಇರಲಿಲ್ಲ. ನಾನು ಒಂದೆರಡು ಸಲ ಬಲೆ ಕಿತ್ತುಕೊಂಡಿದ್ದೆ, ಬಾಯಿಗೆ ಬಂದಂತೆ ಬೈದಿದ್ದೆ. ಅವನು ಮರುದಿನ ಏನೂ ಆಗದವನಂತೆ ಬಂದು ನಮಸ್ಕಾರ ಮಾಡುತ್ತಿದ್ದ. ಅವನ ಮನೆ ನಡೆಯುತ್ತಿದ್ದದ್ದು ಜೀಪಿನವರಿಂದ. ಹಕ್ಕಿ ಎಲ್ಲಿಂದ ಏಳುತ್ತದೆ, ಎತ್ತ ಓಡುತ್ತದೆ ಎಂದು ಹೇಳುವುದರಲ್ಲಿ ಅವನಿಗೆ ಭಾರೀ ಜಂಬ. "ಸಾಹೇಬ್ರ, ಹಕ್ಕಿ ದಾರಿ ಹಕ್ಕಿಗಿಂತ ನನಗ ಚಲೋ ಗೊತ್ತೈತ್ರಿ" ಎಂದು ನನ್ನ ಮುಂದೆಯೇ ಎಷ್ಟೋ ಸಲ ಹೇಳಿಕೊಂಡಿದ್ದ.

ಆ ವರ್ಷ ಮುಂಗಾರು ಕೈಕೊಟ್ಟಿತು. ಹಿಂಗಾರಿನಲ್ಲಿ ಉತ್ತರಿ ಮಳೆ ಒಂದು ಹದ ಬಂದು ಕಾವಲಿನಲ್ಲಿ ಹುಲ್ಲೆದ್ದಿತು. ಹೊಲಗಳಲ್ಲಿ ಮಾತ್ರ ಜೋಳದ ದಂಟೂ ಇಲ್ಲ. ಹರಪನಹಳ್ಳಿಯಿಂದ ಹಗರಿಬೊಮ್ಮನಹಳ್ಳಿಯವರೆಗೆ ಎಲ್ಲಿ ನೋಡಿದರೂ ಬೋಳು ನೆಲ. ದನಗಳಿಗಾಗಿ ಅಲ್ಲಲ್ಲಿ ಕ್ಯಾಂಪು ತೆರೆದರು. ದೀಪಾವಳಿ ಮುಗಿಯುತ್ತಿದ್ದಂತೆ ರೇಂಜರ್ ಸಾಹೇಬರು ಬಂದು, ಈ ಸಲ ಭಾಗ ಗೀಗ ಇಲ್ಲ, ಇಡೀ ಕಾವಲು ಕೊಯ್ದು ಹುಲ್ಲನ್ನು ಕ್ಯಾಂಪುಗಳಿಗೆ ಕಳಿಸಬೇಕು ಎಂದರು. ಬೀಗ ಒಡೆದದ್ದು ಆ ಹುಕುಮಿನ ಮೇಲೆ.

ಕೊಯ್ಲಿಗೆ ಬಂದವರು ಕೊಟ್ಟೂರು ಕಡೆಯ ಹೆಂಗಸರು. ಅವರ ಮುಂದಾಳಿಗೆ ಗುಂಪಿನವರೆಲ್ಲ ದೊಡ್ಡಾಕಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಟ್ಟಿ ಹೆಂಗಸು, ಮಾತು ಕುಡುಗೋಲಿಗಿಂತ ಹರಿತ. ಕೆಲಸದ ಕ್ರಮ ಆಕೆಯದೇ. ಇಬ್ಬನಿಯಲ್ಲಿ ಹುಲ್ಲು ಮೆತ್ತಗಿರುವಾಗ ಬೆಳಿಗ್ಗೆ ಕೊಯ್ಯುವುದು, ಕೊಯ್ದದ್ದನ್ನು ಸಾಲಾಗಿ ನೆಲದ ಮೇಲೆ ಹಾಸುವುದು, ಮಧ್ಯಾಹ್ನ ಮಗುಚುವುದು, ಮರುದಿನ ತೆಕ್ಕೆಯಷ್ಟರ ಸಿವುಡು ಕಟ್ಟಿ, ಸಿವುಡುಗಳನ್ನು ಒಟ್ಟಿ ಗುಪ್ಪೆ ಹಾಕುವುದು. ಸಿವುಡು ಕಟ್ಟಲು ಹಗ್ಗ ಬೇಡ, ಹುಲ್ಲನ್ನೇ ಹೊಸೆದು ಸುತ್ತುತ್ತಿದ್ದರು. ಬಂಡಿಯ ಗಾಲಿ ನಿಂತ ಹುಲ್ಲನ್ನು ತುಳಿದರೆ ಹಾಳು, ಆದ್ದರಿಂದ ಕೊಯ್ಲು ಯಾವಾಗಲೂ ಕಂದಕದ ಪಕ್ಕದ ಬಂಡಿದಾರಿಯಿಂದ ಶುರುವಾಗಿ ಒಳಕ್ಕೆ ಹೋಗುತ್ತದೆ. ಬಂಡಿಗಳು ಕೊಯ್ದ ಕೂಳೆಯ ಮೇಲೆ ಹಿಂದೆ ಹಿಂದೆ ಬರುತ್ತವೆ.

ಮೊದಲ ತೊಡಕು ಬಂದದ್ದು ಅಂಚಿ ಹುಲ್ಲಿನಿಂದ. ಅದರ ಬೀಜಕ್ಕೆ ಸೂಜಿಯಂಥ ಮುಳ್ಳು. ಹೆಂಗಸರ ಸೀರೆಯ ನಿರಿಗೆಯೆಲ್ಲ ಮುಳ್ಳಾಗಿ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅದಕ್ಕಿಂತ ಹೆಚ್ಚಾಗಿ, ಮೊದಲು ಹೋದ ಲಾರಿಯ ಹುಲ್ಲು ತಿಂದ ದನಗಳ ಒಸಡಿಗೆ ಮುಳ್ಳು ನೆಟ್ಟು ಬಾಯಿ ಬಾತುಕೊಂಡವು ಎಂದು ಕ್ಯಾಂಪಿನಿಂದ ಹೇಳಿಕಳಿಸಿದರು. ಆಮೇಲೆ ಪ್ರತಿ ಸಿವುಡನ್ನೂ ಬಂಡೆಗೆ ಬಡಿದು ಮುಳ್ಳು ಉದುರಿಸಿ ಬಂಡಿಗೆ ಹಾಕಬೇಕಾಯಿತು. ಕೆಲಸ ಅರ್ಧಕ್ಕರ್ಧ ನಿಧಾನವಾಯಿತು. ನನ್ನ ಸಿಟ್ಟು ಹುಲ್ಲಿನ ಮೇಲೋ ಹೆಂಗಸರ ಮೇಲೋ ಗೊತ್ತಾಗದೆ ಪಾಪ ಗಾರ್ಡ್ ಮೇಲೆ ಹರಿಯುತ್ತಿತ್ತು.

ಕೊಯ್ಲು ಒಳಕ್ಕೆ ಸರಿದಂತೆ ಒಂದು ಸಂಗತಿ ಕಣ್ಣಿಗೆ ಬೀಳತೊಡಗಿತು. ಸಂಜೆ ಗೇಟಿನ ಬಳಿ ಒಟ್ಟಿದ ಬಣವೆಯ ಮೇಲೆ ಹತ್ತಿ ನಿಂತರೆ ಇಡೀ ಕಾವಲು ಕಾಣುತ್ತಿತ್ತು. ಸುತ್ತ ಬೋಳು ಕೂಳೆ, ನಡುವೆ ನಿಂತ ಹುಲ್ಲಿನ ನಡುಗಡ್ಡೆ. ಕೌಜುಗಗಳ ಕೂಗು ಮೊದಲು ನಾಲ್ಕೂ ದಿಕ್ಕಿನಿಂದ ಕೇಳುತ್ತಿದ್ದದ್ದು ಈಗ ನಡುವಿನಿಂದ ಮಾತ್ರ, ಒಂದರ ಮೇಲೊಂದು ಬಿದ್ದಂತೆ. ಕುಡುಗೋಲಿನ ಮುಂದೆ ಹಕ್ಕಿಗಳು ಒಳಒಳಗೇ ಸರಿಯುತ್ತಿದ್ದವು. ಬೇರೆ ವರ್ಷವಾದರೆ ಪಕ್ಕದ ಭಾಗದ ಹುಲ್ಲಿಗೆ ಹೋಗುತ್ತಿದ್ದವು. ಈ ವರ್ಷ ಪಕ್ಕದ ಭಾಗವೇ ಇರಲಿಲ್ಲ.

ಇದಕ್ಕೊಂದು ಪದ್ಧತಿಯ ಗಂಟೂ ಬಿದ್ದಿತ್ತು. ಕೊಯ್ಲಿನ ಕೊನೆಯ ದಿನ ಉಳಿಯುವ ಹುಲ್ಲಿಗೆ ಈ ಹೆಂಗಸರು ಕಡೆ ಪಟ್ಟಿ ಎನ್ನುತ್ತಾರೆ. ಅದರ ಹುಲ್ಲು ಸರ್ಕಾರದ್ದು, ಒಳಗಿನ ಹಕ್ಕಿ ಮೊಲ ಕೊಯ್ದವರದ್ದು. ಎಲ್ಲರೂ ಸೇರಿ ಕಂಬಳಿ, ಸೀರೆ ಹಿಡಿದು ಸುತ್ತುಗಟ್ಟಿ, ಸಿಕ್ಕಿದ್ದನ್ನು ಅಲ್ಲೇ ಬೇಯಿಸಿ ಉಂಡು ಹೋಗುತ್ತಾರೆ. ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ, ಆದರೆ ನನಗಿಂತ ಹಿಂದಿನವರೂ ಕಂಡೂ ಕಾಣದಂತೆ ಇದ್ದವರೇ. ಒಂದು ಭಾಗದ ಕಡೆ ಪಟ್ಟಿಯಲ್ಲಿ ಸಿಗುವುದಾದರೂ ಎಷ್ಟು? ಈ ವರ್ಷದ ಕಡೆ ಪಟ್ಟಿಯಲ್ಲಿ ಇಡೀ ಕಾವಲಿನ ಹಕ್ಕಿ ಇರಲಿತ್ತು.

ಸುದ್ದಿ ಹೊಸಪೇಟೆಗೂ ಮುಟ್ಟಿತ್ತು. ಶಿಕಾರಿ ಮಂದಿಯಲ್ಲಿ ಹಿರಿಯರೊಬ್ಬರು, ದೊಡ್ಡ ಗುತ್ತಿಗೆದಾರರು, ಒಂದು ದಿನ ಜೀಪಿನಲ್ಲಿ ಬಂದು ಕಂದಕದ ಏರಿಯ ಮೇಲೆ ನಿಂತು ನೋಡಿದರು. ಕಣ್ಣಲ್ಲೇ ಊಟ ಮಾಡಿದರು ಅನ್ನಬೇಕು. ಬರುವ ಐತವಾರ ಬಿಟ್ಟು ಅದರ ಮುಂದಿನ ಐತವಾರಕ್ಕೆ ಗೆಳೆಯರನ್ನೂ ಕರೆತರುವುದಾಗಿ ಹೇಳಿ, ಕೌಜುಗದವನಿಗೆ ತಾಕೀತು ಮಾಡಿ ಹೋದರು. ಅವರ ಕಾಗದಪತ್ರ ಸರಿಯಾಗಿಯೇ ಇದ್ದವು. ಬೇಡ ಎನ್ನಲು ನನಗೆ ಅಧಿಕಾರವಿರಲಿಲ್ಲ.

ಜೀಪು ಹೋದ ಮೇಲೆ ಕೌಜುಗದವ ಅಲ್ಲೇ ಕುಕ್ಕರಗಾಲಲ್ಲಿ ಕೂತ. ನಿನಗೆ ಒಳ್ಳೇ ಸುಗ್ಗಿ ಬಂತಲ್ಲ ಎಂದು ಚುಚ್ಚಿದೆ. ಅವನು ತಲೆ ಎತ್ತಲಿಲ್ಲ.

"ಈ ವರ್ಸ ಸುಗ್ಗಿ ಹೌದ್ರಿ" ಎಂದ. "ಬರೋ ವರ್ಸ ನಾ ಯಾವ ಹಕ್ಕಿ ತೋರ್ಸಿ ಕೂಳು ತಿನ್ಲಿ? ಒಂದು ಜೋಡಿ ಉಳಿದ್ರೂ ಹೆಂಗರ ಬೆಳಸ್ತಾವ. ಅದೂ ಉಳಿಯಂಗಿಲ್ಲ ನೋಡ್ರಿ."

ನಾನು ರೇಂಜರ್ ಸಾಹೇಬರ ಹತ್ತಿರ ಹೋದೆ. ನಿಂತಿರುವ ಹುಲ್ಲಿನಲ್ಲಿ ಒಂದು ಭಾಗವನ್ನಾದರೂ ಬಿಡೋಣ ಎಂದೆ. ಅವರು ಕೂಗಾಡಲಿಲ್ಲ. ಹಗರಿಬೊಮ್ಮನಹಳ್ಳಿಯ ಕ್ಯಾಂಪಿಗೆ ಹೋಗಿ ಬಾ, ಆಮೇಲೆ ಕೇಳು ಎಂದರು. ಹುಲ್ಲಿನ ಲಾರಿಯ ಮೇಲೆಯೇ ಕೂತು ಹೋದೆ. ಕ್ಯಾಂಪಿನಲ್ಲಿ ದನಗಳು ಚಪ್ಪರದ ಗರಿ ಎಳೆದು ತಿಂದಿದ್ದವು, ತಮ್ಮನ್ನು ಕಟ್ಟಿದ್ದ ಬೇವಿನ ಮರಗಳ ತೊಗಟೆಯನ್ನು ಬಾಯಿ ನಿಲುಕುವಷ್ಟೂ ಕೆರೆದಿದ್ದವು. ಲಾರಿ ನಿಲ್ಲುವ ಮುಂಚೆಯೇ ಒಂದು ಆಕಳು ಹಿಂದಿನಿಂದ ಬಂದು ಸಿವುಡಿಗೆ ಬಾಯಿ ಹಾಕಿತು. ಎಳೆಯಲು ಬಲ ಸಾಲದೆ ಹಲ್ಲು ಕಚ್ಚಿಕೊಂಡು ಹಾಗೇ ನಿಂತಿತ್ತು. ನಾನು ಮೇಲಿನಿಂದ ಆ ಸಿವುಡನ್ನು ದೂಡಿ ಬೀಳಿಸಿದೆ. ಒಂದು ಭಾಗ ಬಿಡೋಣ ಎಂಬ ಮಾತನ್ನು ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ.

ಹಾಗಾದರೆ ಹುಲ್ಲು ಪೂರಾ ಹೋಗಬೇಕು, ಹಕ್ಕಿಯೂ ಉಳಿಯಬೇಕು. ತಿರುಗಿ ಬರುವಾಗ ಖಾಲಿ ಲಾರಿಯಲ್ಲಿ ಕುಲುಕಾಡುತ್ತ ಇದೇ ಯೋಚನೆ. ಕಾವಲಿನ ಪಡುವಣಕ್ಕೆ, ಕಂದಕದ ಆಚೆ, ಒಂದು ಕಲ್ಲುಗುಡ್ಡವಿತ್ತು. ಬೋರೆ, ಕಾರೆ ಮುಳ್ಳಿನ ಪೊದೆಗಳು ಒತ್ತಾಗಿ ಬೆಳೆದ ಗುಡ್ಡ. ಹಕ್ಕಿ ಅಲ್ಲಿ ಸೇರಿಕೊಂಡರೆ ಬದುಕುತ್ತದೆ. ಆದರೆ ನಡುಗಡ್ಡೆಗೂ ಗುಡ್ಡಕ್ಕೂ ನಡುವೆ ಬೋಳು ಕೂಳೆ. ಬೋಳಿನಲ್ಲಿ ಕೌಜುಗ ಓಡುವುದಿಲ್ಲ, ಅಡಗಿ ಕೂರುತ್ತದೆ, ಕೊನೆಗೆ ಎದ್ದು ಹಾರಿ ಬಂದೂಕಿಗೆ ಸಿಗುತ್ತದೆ. ಮೊದಲೇ ನಡುವಿನಿಂದ ಹೊರಕ್ಕೆ ಕೊಯ್ದಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ, ಆದರೆ ಹಾಗೆ ಯಾರೂ ಕೊಯ್ದವರಿಲ್ಲ. ಕೊಯ್ದ ಹುಲ್ಲನ್ನು ಮರಳಿ ನೆಡಲು ಬರುವುದಿಲ್ಲ.

ನೆಡಲು ಬರುವುದಿಲ್ಲ, ಆದರೆ ಇಡಲು ಬರುತ್ತದೆ. ಆ ಯೋಚನೆ ಬಂದದ್ದು ಗೇಟಿನ ಹತ್ತಿರ ಇಳಿದಾಗ, ಸಾಲಾಗಿ ನಿಂತ ಗುಪ್ಪೆಗಳನ್ನು ನೋಡಿ. ಮರುದಿನ ಬೆಳಿಗ್ಗೆ ದೊಡ್ಡಾಕಿಗೆ ಹೇಳಿದೆ: ಇನ್ನು ಮುಂದೆ ಪಡುವಣದ ಕಡೆ ಕಟ್ಟಿದ ಸಿವುಡುಗಳನ್ನು ಬಂಡಿಗೆ ಹಾಕಬೇಡಿ. ನಡುಗಡ್ಡೆಯಿಂದ ಗುಡ್ಡದ ಕಡೆಗೆ ಎರಡು ಸಾಲು ಗುಪ್ಪೆ ಹಾಕಿ, ಒಂದಕ್ಕೊಂದು ತಾಗುವಷ್ಟು ಹತ್ತಿರ, ಪಡುವಣದಲ್ಲಿ ಏರಿ ಕುಸಿದು ಕಂದಕ ಮುಚ್ಚಿಹೋದ ಜಾಗದವರೆಗೆ. ಕಡೆ ಪಟ್ಟಿ ಮುಗಿದ ಮೇಲೆಯೇ ಅವನ್ನು ಎತ್ತುವುದು.

ಆಕೆ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. ಇದರಲ್ಲಿ ನಷ್ಟ ಏನೆಂದು ಆಕೆಗೂ ಗೊತ್ತು, ನನಗೂ ಗೊತ್ತು. ಬರಗಾಲದಲ್ಲಿ ಗೆದ್ದಲಿಗೂ ಹಸಿವು, ನೆಲಕ್ಕೆ ತಾಗಿದ ಸಿವುಡನ್ನು ಬುಡದಿಂದ ತಿನ್ನುತ್ತದೆ. ಲಾರಿಗಳು ಅಷ್ಟು ದಿನ ಅರ್ಧ ತುಂಬಿ ಹೋಗಬೇಕು. ಆದರೂ ಸಾಲು ಹಾಕಿಸಿದೆ. ಕ್ಯಾಂಪಿನ ಉಸ್ತುವಾರಿಯವರು ಲಾರಿಯವನ ಕೈಯಲ್ಲಿ ಬೈಗುಳ ಕಳಿಸಿದರು. ಲಾರಿಯವನು ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಆ ಆಕಳು ಕಣ್ಣ ಮುಂದೆ ಬಂದು ನನಗೆ ಆ ದಿನಗಳಲ್ಲಿ ಊಟ ರುಚಿಸುತ್ತಿರಲಿಲ್ಲ.

ಸಾಲು ಮುಗಿದ ಸಂಜೆ ದೊಡ್ಡಾಕಿ ಬಣವೆಯ ಹತ್ತಿರ ಬಂದು ಮೇಲಿದ್ದ ನನ್ನನ್ನು ನೋಡಿ ನಗತೊಡಗಿದಳು. ಏನೆಂದು ಗದರಿದೆ.

"ಸಾಹೇಬ್ರ, ಅಲ್ಲಿಂದ ಒಂದೀಟು ನೆಟ್ಟಗ ನೋಡ್ರಿ. ಕೌಜುಗದವ ಬಲಿ ಹಾಕಂಗಿಲ್ಲೇನು, ಥೇಟ್ ಹಂಗ ಹಾಕೀರಲ್ರಿ ನೀವು!"

ನೋಡಿದೆ. ಕೌಜುಗಕ್ಕೆ ಬಲೆ ಹಾಕುವವರು ಎರಡೂ ಕಡೆ ಮುಳ್ಳುಕಂಟಿಯ ಸಾಲು ಇಡುತ್ತಾರೆ. ಸಾಲುಗಳು ಬರಬರುತ್ತ ಹತ್ತಿರವಾಗುತ್ತವೆ, ಓಡುವ ಹಕ್ಕಿ ಸಾಲನ್ನು ದಾಟದೆ ಅದರ ಗುಂಟ ಓಡಿ ಬಾಯಿಗೆ ಬಂದು ಬೀಳುತ್ತದೆ. ಬಾಯಲ್ಲಿ ಬಲೆ. ನನ್ನ ಎರಡು ಗುಪ್ಪೆ ಸಾಲುಗಳೂ ಏರಿ ಕುಸಿದ ಜಾಗದಲ್ಲಿ ಹಾಗೇ ಕೂಡಿದ್ದವು. ಇಡೀ ಕಾವಲಿನ ಹಕ್ಕಿಯನ್ನು ಒಂದು ಬಾಗಿಲಿಗೆ ಹೊಂದಿಸಿ ಇಟ್ಟಿದ್ದೆ. ಅಲ್ಲಿ ಯಾರಾದರೂ ಕೂತರೆ ಸಾಕಿತ್ತು.

ಮರುದಿನ ಕೌಜುಗದವ ಬಂದು ಸಾಲಿನ ಉದ್ದಕ್ಕೂ ನಡೆದು ನೋಡಿದ. ಏನೂ ಮಾತಾಡಲಿಲ್ಲ. ಅವನು ಸುಮ್ಮನಿರುವುದನ್ನು ನಾನು ಕಂಡದ್ದು ಅದೇ ಮೊದಲು, ಅದರಿಂದಲೇ ನನ್ನ ಸಂಶಯ ಬಲವಾಯಿತು. ಸಾಲಿನ ಬಾಯಿಯ ಹತ್ತಿರ ಬಲೆಯ ಒಂದು ಗೂಟ ಕಂಡರೂ ಕೈಕಾಲು ಕಟ್ಟಿ ಕೂಡ್ಲಿಗಿ ಠಾಣೆಗೆ ಕಳಿಸುತ್ತೇನೆ ಎಂದು ಹೆದರಿಸಿದೆ. ಅವನು ಪಂಜರ ಹೆಗಲಿಗೇರಿಸಿ ಹೋದ. ಆಮೇಲೆ ದಿನಾ ಬೆಳಿಗ್ಗೆ ಗಾರ್ಡ್ ಮತ್ತು ನಾನು ಆ ಜಾಗವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದೆವು. ಸಾಲುಗಳನ್ನು ಬಿಚ್ಚಿ ಬೇರೆ ಕಡೆ ತಿರುಗಿಸೋಣ ಎಂದರೆ ಬೇರೆ ಕಡೆ ಗುಡ್ಡವಿಲ್ಲ, ಸಮಯವೂ ಇಲ್ಲ.

ಶನಿವಾರ ಸಂಜೆಗೆ ನಡುಗಡ್ಡೆ ಒಂದು ಸಣ್ಣ ಹೊಲದಷ್ಟು ಉಳಿದಿತ್ತು. ಅದನ್ನು ಹಾಗೇ ಬಿಟ್ಟರೆ ಬೆಳಿಗ್ಗೆ ಬಂದೂಕುಗಳು ಸುತ್ತುಗಟ್ಟುತ್ತವೆ. ಆದರೆ ಕೆಲಸದವರು ಇರುವ ಹುಲ್ಲಿನ ಕಡೆಗೆ ಗುಂಡು ಹಾರಿಸುವಂತಿಲ್ಲ, ಈ ಒಂದು ಮಾತು ಮಾತ್ರ ನನ್ನ ಅಧಿಕಾರದಲ್ಲಿತ್ತು. ಐತವಾರ ಬೆಳಕು ಹರಿಯುವ ಮುಂಚೆ ಕೊಯ್ಲಿಗೆ ಇಳಿಯಬೇಕು, ಮೂಡಣದಿಂದ ಶುರುಮಾಡಿ ನಿಧಾನವಾಗಿ ಗುಡ್ಡದ ಕಡೆಗೆ ಬರಬೇಕು, ಸದ್ದು ಮಾಡಬಾರದು ಎಂದು ದೊಡ್ಡಾಕಿಗೆ ಹೇಳಿದೆ. ಯಾಕೆಂದೂ ಮುಚ್ಚಿಡದೆ ಹೇಳಿದೆ.

ಆಕೆಯ ಮುಖ ಬಿಗಿಯಿತು. "ನಮ್ಮನ್ನ ಹಕ್ಕಿಗೆ ಅಡ್ಡ ನಿಲ್ಲಿಸ್ತೀರೇನು?" ಎಂದು ಕೇಳಿದಳು.

ಬಂದೂಕಿನವರಿಗೂ ನಿಮಗೂ ನಡುವೆ ನಾನು ನಿಂತಿರುತ್ತೇನೆ ಎಂದೆ. ಆಕೆ ಗುಂಪಿನವರ ಜೊತೆ ಬಹಳ ಹೊತ್ತು ಗುಸುಗುಸು ಮಾತಾಡಿದಳು. ಕಡೆ ಪಟ್ಟಿಯನ್ನು ಬಿಟ್ಟುಕೊಡುವುದಿಲ್ಲ, ಕಣದಷ್ಟು ಉಳಿದಾಗ ಸುತ್ತುಗಟ್ಟುವವರೇ, ಆಗ ನಾನು ಬಾಯಿ ತೆಗೆಯಬಾರದು ಎಂದು ಕರಾರು ಹಾಕಿದಳು. ಒಪ್ಪಿದೆ. ಬರದಲ್ಲಿ ಒಂದು ಹೊತ್ತಿನ ಬಾಡೂಟ ಅವರಿಗೂ ಸಣ್ಣ ಮಾತಲ್ಲ.

ಐತವಾರ ಜೀಪುಗಳು ಬಂದಾಗ ಬಿಸಿಲು ಆಗತಾನೆ ಬಿದ್ದಿತ್ತು. ಹೆಂಗಸರು ಹುಲ್ಲಿನ ಅರ್ಧಕ್ಕೆ ಬಂದಿದ್ದರು, ಬರೀ ಕುಡುಗೋಲಿನ ಸರಸರ ಸದ್ದು. ಗುತ್ತಿಗೆದಾರರು ಇಳಿದು ನೋಡಿ ಕೆಂಡವಾದರು. ಐತವಾರವೂ ಕೊಯ್ಲೇ, ಬೇಕೆಂದೇ ಮಾಡಿದ್ದೀಯ ಎಂದರು. ಹೌದು ಎಂದು ಹೇಳಬೇಕೆನಿಸಿತು, ನಾಲಿಗೆ ಕಚ್ಚಿಕೊಂಡೆ. ಕ್ಯಾಂಪಿನಲ್ಲಿ ದನ ಸಾಯುತ್ತಿವೆ, ಕೆಲಸ ನಿಲ್ಲಿಸಲು ಬರುವುದಿಲ್ಲ ಎಂದೆ. ಅದೂ ಸುಳ್ಳಲ್ಲ. ಮೇಲಿನವರಿಗೆ ಹೇಳಿ ನನ್ನನ್ನು ಎಲ್ಲಿಗೋ ಎತ್ತಿ ಹಾಕಿಸುವುದಾಗಿ ಕೂಗಾಡಿದರು. ಅವರ ಜೊತೆಗೆ ಬಂದಿದ್ದ ಒಬ್ಬರು ಮಾತ್ರ ತಣ್ಣಗೆ ಗುಪ್ಪೆಯ ಸಾಲನ್ನು ನೋಡುತ್ತಿದ್ದರು. ಸಾಲಿನ ತುದಿಗೆ ಬೊಟ್ಟು ಮಾಡಿ, ಹಕ್ಕಿ ಹೊರಡುವುದು ಆ ಗುಡ್ಡಕ್ಕೇ ಅಲ್ಲವೇ, ಅಲ್ಲೇ ಹೋಗಿ ಕೂರೋಣ ಎಂದರು.

ಗುಡ್ಡ ಕಾವಲಿನ ಹೊರಗಿತ್ತು. ಅಲ್ಲಿ ನನ್ನ ಮಾತು ನಡೆಯದು. ಎಲ್ಲರೂ ಕೌಜುಗದವನ ಕಡೆ ತಿರುಗಿದರು. ಅವನು ಪಂಜರ ಕೆಳಗಿಟ್ಟು ಗುಪ್ಪೆಗಳನ್ನು ನೋಡಿದ, ಗುಡ್ಡ ನೋಡಿದ, ನನ್ನನ್ನೂ ಒಂದು ಸಲ ನೋಡಿದ. ಆಮೇಲೆ, ಗುಡ್ಡವೇ ಸರಿ, ಬರ್ರಿ ಎಂದು ಮುಂದೆ ನಡೆದ. ನನ್ನ ಮೈಯೆಲ್ಲ ಉರಿಯಿತು. ಓಡಿ ಹೋಗಿ ಕತ್ತಿನ ಪಟ್ಟಿ ಹಿಡಿಯೋಣ ಎನ್ನಿಸಿತು. ಆದರೆ ಹೆಂಗಸರಿಗೆ ಕೊಟ್ಟ ಮಾತಿತ್ತು, ಜಾಗ ಬಿಟ್ಟು ಕದಲುವಂತಿರಲಿಲ್ಲ. ಬಂದೂಕಿನ ಮಂದಿ ಬಡಗಣದ ಕಡೆಯಿಂದ ಸುತ್ತಿಕೊಂಡು ಗುಡ್ಡದ ಮರೆಗೆ ಹೋದರು.

ಕೊಯ್ಲು ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಮೊದಲ ಕೌಜುಗ ಹುಲ್ಲಿನ ಅಂಚಿನಲ್ಲಿ ಕತ್ತು ಚಾಚಿತು. ಒಂದು ಗುಪ್ಪೆಯ ನೆರಳಿಗೆ ಓಡಿತು, ನಿಂತಿತು, ಮುಂದಿನದಕ್ಕೆ ಓಡಿತು. ಅದರ ಹಿಂದೆ ಇನ್ನೊಂದು, ಆಮೇಲೆ ಒಂದು ಹಿಂಡು. ಕೊಯ್ಯುತ್ತಿದ್ದ ಹೆಂಗಸರು ಬಗ್ಗಿದಲ್ಲೇ ತಲೆ ಎತ್ತಿ ನೋಡಿ ಮತ್ತೆ ಬಗ್ಗುತ್ತಿದ್ದರು. ಬೇರೆ ದಿನವಾದರೆ ಆ ಓಟ ನೋಡಿ ಹಿಗ್ಗುತ್ತಿದ್ದೆ. ಅಂದು ಪ್ರತಿ ಹಕ್ಕಿ ಏರಿಯ ಬಾಯಿ ದಾಟಿ ಪೊದೆಗೆ ನುಗ್ಗಿದಾಗಲೂ ಗುಂಡಿನ ಸದ್ದಿಗೆ ಕಾಯುತ್ತಿದ್ದೆ. ಇವನ್ನೆಲ್ಲ ನಾನೇ ಅಟ್ಟಿ ಕಳಿಸುತ್ತಿದ್ದೇನೆ ಎನಿಸುತ್ತಿತ್ತು.

ಸದ್ದು ಬರಲಿಲ್ಲ. ಹಕ್ಕಿ ಹೋಗುತ್ತಲೇ ಇದ್ದವು, ಸದ್ದು ಬರಲೇ ಇಲ್ಲ. ಬಿಸಿಲು ಏರಿದ ಮೇಲೆ ಗುಡ್ಡದ ಬೆನ್ನಿಗೆ, ಬಹಳ ದೂರದಲ್ಲಿ, ಒಂದು ಗುಂಡು ಹಾರಿತು. ಮತ್ತೆ ಸುಮ್ಮನಾಯಿತು.

ಅವರು ತಿರುಗಿ ಬಂದಾಗ ಕೈಯಲ್ಲಿ ಇದ್ದದ್ದು ಪಾರಿವಾಳದಂಥ ಒಂದು ಬೆಳವ. ಕೌಜುಗದವ ಅವರನ್ನು ಗುಡ್ಡದ ಈ ಕಡೆ, ಸಾಲಿನ ಬಾಯಿಯ ಎದುರು ಕೂರಿಸಿರಲಿಲ್ಲ. ಪೂರಾ ಸುತ್ತುಹಾಕಿಸಿ ಆಚೆ ಮಗ್ಗುಲಿಗೆ ಕರೆದೊಯ್ದು, ಬಿಸಿಲೇರಿದರೆ ಹಕ್ಕಿ ನೆತ್ತಿ ದಾಟಿ ಅಲ್ಲಿಯ ನೀರಿನ ಹೊಂಡಕ್ಕೆ ಇಳಿಯುತ್ತವೆ ಎಂದು ನಂಬಿಸಿ, ಹೊಂಡದ ತಳ ಕಾಣದಂತೆ ಕಲ್ಲಿನ ಮರೆಯಲ್ಲಿ ಕೂರಿಸಿದ್ದ. ಹೊಂಡದಲ್ಲಿ ನೀರು ಬತ್ತಿ ತಿಂಗಳಾಗಿತ್ತು. ಅವನು ಹೇಳಿದ್ದನ್ನು ಅವರು ನಂಬಿದ್ದರು, ಯಾಕೆಂದರೆ ಅಲ್ಲಿಯವರೆಗೆ ಅವನ ಮಾತು ಒಂದು ಸಲವೂ ತಪ್ಪಿರಲಿಲ್ಲ.

ಗುತ್ತಿಗೆದಾರರು ಎಲ್ಲರೆದುರೇ ಅವನ ಮೇಲೆ ಹರಿಹಾಯ್ದರು. ಹಕ್ಕಿಯ ಗಂಧಗಾಳಿ ಗೊತ್ತಿಲ್ಲದವನನ್ನು ಇಷ್ಟು ವರ್ಷ ಸಾಕಿದೆವಲ್ಲ ಎಂದರು, ಪಂಜರವನ್ನು ಕಾಲಿನಿಂದ ಒದ್ದರು. ಒಳಗಿನ ಕೌಜುಗ ಪಟಪಟ ರೆಕ್ಕೆ ಬಡಿಯಿತು. ಹೆಂಗಸರು ಕುಡುಗೋಲು ನಿಲ್ಲಿಸಿ ನೋಡುತ್ತಿದ್ದರು. ತನ್ನ ಜಂಬಕ್ಕೆ ಊರಲ್ಲೆಲ್ಲ ಹೆಸರಾದ ಆ ಮನುಷ್ಯ ಬಗ್ಗಿ ಪಂಜರವನ್ನು ನೆಟ್ಟಗೆ ಮಾಡಿ, ಎದ್ದು ನಿಂತು ಕೈ ಮುಗಿದ.

"ತಪ್ಪಾತ್ರಿ" ಎಂದ. "ಈ ವರ್ಸ ಹಕ್ಕಿ ದಾರಿ ನನಗ ಗೊತ್ತಾಗ್ಲಿಲ್ರಿ."

ಜೀಪುಗಳು ಹೋದವು. ನಾನು ಅವನ ಹತ್ತಿರ ಹೋದೆ. ಬೈಯುವುದಾದರೆ ನನಗೆ ಮಾತು ತಾನಾಗಿ ಬರುತ್ತದೆ, ಉಳಿದದ್ದಕ್ಕೆ ತಡಕಾಡಬೇಕು. ನೀರು ಕುಡಿ ಎಂದು ನನ್ನ ತಂಬಿಗೆ ಕೊಟ್ಟೆ. ಅವನು ಅರ್ಧ ಕುಡಿದು ಉಳಿದದ್ದನ್ನು ಪಂಜರದ ಬಟ್ಟಲಿಗೆ ಹಾಕಿದ.

ಕಡೆ ಪಟ್ಟಿಯಲ್ಲಿ ಹೆಂಗಸರಿಗೆ ಸಿಕ್ಕಿದ್ದು ಒಂದು ಮೊಲ, ಕೆಲವು ಬುರ್ಲಿ. ಕಂಬಳಿ ಹಿಡಿದು ಸುತ್ತುಗಟ್ಟುವ ಶಾಸ್ತ್ರವನ್ನು ಮಾತ್ರ ಚಾಚೂ ತಪ್ಪದೆ ಮಾಡಿದರು. ದೊಡ್ಡಾಕಿ ನನ್ನನ್ನು ಸುಮ್ಮನೆ ಬಿಡಲಿಲ್ಲ, ಒಂದು ಬುರ್ಲಿ ಕಾಲಿಗೆ ಇಷ್ಟು ಮಂದಿ ಎಂದು ಗೊಣಗುತ್ತಲೇ ಒಲೆ ಹೂಡಿದಳು. ನನಗೆ ರೊಟ್ಟಿ, ಕಾರ ಕೊಟ್ಟು ದೂರ ಕೂರಿಸಿದಳು. ಬೆಂದ ಮೇಲೆ ಮೊದಲ ಪಾಲನ್ನು ಎಲೆಯಲ್ಲಿ ಕಟ್ಟಿ ಕೌಜುಗದವನ ಮನೆಗೆ ಕಳಿಸಿದಳು. ಅಷ್ಟು ಮಂದಿಯ ಮುಂದೆ ಬೈಸಿಕೊಂಡವನಿಗೆ ಬರಿಗೈ ಚೆಂದವಲ್ಲ ಎಂದಳು.

ಮರುದಿನದಿಂದ ಗುಪ್ಪೆಗಳನ್ನು ಎತ್ತಿದೆವು. ಬುಡದ ಸಿವುಡುಗಳನ್ನು ಗೆದ್ದಲು ತಿಂದಿತ್ತು, ಕೈಗೆ ಮಣ್ಣು ಬರುತ್ತಿತ್ತು. ಅದರ ಹೊಣೆ ನನ್ನದೆಂದು ಮೇಲಿನವರು ಬರೆದರು, ನಾನೂ ಹೌದೆಂದೆ. ಅಷ್ಟು ಹುಲ್ಲು ಕ್ಯಾಂಪಿಗೆ ಮುಟ್ಟಿದ್ದರೆ ಆ ಆಕಳಿಗೆ ಇನ್ನಷ್ಟು ದಿನ ಆಗುತ್ತಿತ್ತೇನೋ. ಆ ಲೆಕ್ಕ ನನ್ನಲ್ಲಿ ಇವತ್ತಿಗೂ ಸರಿಹೋಗಿಲ್ಲ, ಸರಿಹೋಗಿದೆ ಎಂದು ಹೇಳಿಕೊಳ್ಳಲೂ ಮನಸ್ಸಿಲ್ಲ.

ಗುತ್ತಿಗೆದಾರರು ನನ್ನನ್ನು ಎತ್ತಿ ಹಾಕಿಸಲಿಲ್ಲ, ಆದರೆ ಕೌಜುಗದವನನ್ನು ಮತ್ತೆ ಕರೆಯಲೂ ಇಲ್ಲ. ಮಿಕ್ಕ ಶಿಕಾರಿಯವರಿಗೂ ಸುದ್ದಿ ಹೋಯಿತು. ಅವನು ನಮ್ಮಲ್ಲಿ ಕಂದಕ ತೋಡುವ ಕೆಲಸಕ್ಕೆ ಸೇರಿಕೊಂಡ. ಯಾಕೆ ಹಾಗೆ ಮಾಡಿದೆ ಎಂದು ಒಮ್ಮೆ ಕೇಳಿದ್ದಕ್ಕೆ, ಅವರು ಬಂದು ಹೋಗುವವರು, ನಾನು ಇಲ್ಲೇ ಇರುವವನು ಎಂದಷ್ಟೇ ಹೇಳಿ ಗುದ್ದಲಿ ಎತ್ತಿದ.

ಮರುವರ್ಷ ಮಳೆ ಬಂತು. ಹುಲ್ಲು ಸೊಂಟದುದ್ದ ಎದ್ದಿತು. ಗುಡ್ಡದಿಂದ ಇಳಿದ ಕೌಜುಗಗಳು ಮರಿ ಮಾಡಿ, ಸಂಜೆಯಾದರೆ ಕಾವಲಿನ ನಾಲ್ಕೂ ಮೂಲೆಯಿಂದ ಕೂಗುತ್ತಿದ್ದವು. ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅದೇ ಜೀಪು ಬಂತು. ದಾರಿ ತೋರಲು ಬೇರೆ ಯಾರನ್ನೋ ಕರೆತಂದಿದ್ದರು. ಕೌಜುಗದವನೂ ನಾನೂ ಕಂದಕದ ಏರಿಯ ಮೇಲೆ ಕೂತು ನೋಡುತ್ತಿದ್ದೆವು. ಹೊಸಬ ಶಿಕಾರಿಯವರನ್ನು ಗಾಳಿಗೆ ಬೆನ್ನು ಮಾಡಿ, ಬರೀ ಕರಡ ಹುಲ್ಲಿರುವ ತಗ್ಗಿಗೆ ಇಳಿಸುತ್ತಿದ್ದ. ಅಲ್ಲಿ ಒಂದು ಹಕ್ಕಿಯೂ ಇಲ್ಲವೆಂದು ನನಗೇ ಗೊತ್ತಿತ್ತು.

ಪಕ್ಕದಲ್ಲಿ ಕೌಜುಗದವ ಚಡಪಡಿಸತೊಡಗಿದ. "ಅಯ್ಯ, ಆ ಕಡಿ ಎಲ್ಲಿ ಹೊಂಟಾನಲೇ ಇವ" ಎಂದು ತನ್ನಷ್ಟಕ್ಕೆ ಅಂದುಕೊಂಡ. ಕೈಯೂರಿ ಅರ್ಧ ಎದ್ದ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಲು ಉಸಿರೂ ಎಳೆದುಕೊಂಡ. ಆಮೇಲೆ ಕೈ ಕೆಳಗಿಳಿಸಿ, ನನ್ನ ಕಡೆ ನೋಡದೆ, ಮೆಲ್ಲಗೆ ಮತ್ತೆ ಕೂತುಕೊಂಡ.